ಆರು ಮೀಟರ್ ಆಚೆಯ ಹಲಗೆ

ನಾನು ಒಂದು ಹಲಗೆ. ಮರದ್ದಲ್ಲ, ಬಿಳಿ ಪ್ಲಾಸ್ಟಿಕ್ಕಿನದು. ಉದ್ದ ಒಂದು ಗೇಣು, ಅಗಲವೂ ಒಂದು ಗೇಣು. ನನ್ನ ಮುಂಬದಿಗೆ ಕಪ್ಪು ಬಣ್ಣದ ಒಂದೇ ಒಂದು ಅಕ್ಷರವಿದೆ, ಇಂಗ್ಲಿಷಿನ 'ಇ'. ಹಿಂಬದಿಗೂ ಅದೇ ಅಕ್ಷರ, ಚಿಕ್ಕದಾಗಿ. ಓದು ಬಾರದವರ ಕಣ್ಣು ಪರೀಕ್ಷಿಸಲು ನನ್ನನ್ನು ಮಾಡಿದರು. ಅಕ್ಷರದ ಹೆಸರು ಹೇಳಬೇಕಾಗಿಲ್ಲ. ಅದರ ಮೂರು ಕಾಲು ಯಾವ ಕಡೆ ಚಾಚಿವೆ ಎಂದು ಕೈ ಮಾಡಿ ತೋರಿಸಿದರೆ ಸಾಕು. ನನ್ನನ್ನು ಹಿಡಿದವರು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತಾರೆ. ದಿನವಿಡೀ ತಲೆಕೆಳಗಾಗುವುದೇ ನನ್ನ ಉದ್ಯೋಗ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಸಣ್ಣ ಛಾಪಖಾನೆಯಲ್ಲಿ. ಲಗ್ನಪತ್ರಿಕೆ, ಅಂಗಡಿಯ ಬೋರ್ಡು ಛಾಪಿಸುವ ಜಾಗ ಅದು. ಮಾಲೀಕ ಗುರುಪಾದಪ್ಪ ನನ್ನ ಅಕ್ಷರವನ್ನು ಮೂರು ಸಲ ಅಳೆದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಲಗೆ ವಾಪಸು ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರಂತೆ. ನಾವು ಹನ್ನೆರಡು ಹಲಗೆಗಳು. ಎಲ್ಲರನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಕಲಬುರಗಿಯ ಬಸ್ಸಿಗೆ ಹಾಕಿದರು.

ಅಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಡಾಕ್ಟರು ವೈಜಯಂತಿ ನಮ್ಮನ್ನು ಬಿಚ್ಚಿದರು. ನಲವತ್ತರ ಆಸುಪಾಸಿನ, ನಿಧಾನ ಮಾತಿನ ಹೆಂಗಸು. ಆಸ್ಪತ್ರೆಗೆ ಬಂದವರನ್ನು ನೋಡಿ ನೋಡಿ ಅವರಿಗೆ ಒಂದು ಪ್ರಶ್ನೆ ಹುಟ್ಟಿತ್ತು. ಬರುವವರು ಕಣ್ಣಿಗೆ ಬೀಳುತ್ತಾರೆ, ಬಾರದವರು ಎಷ್ಟು ಜನ? ಅವರು ಯಾರು? ಯಾಕೆ ಬರುವುದಿಲ್ಲ? ಅದನ್ನು ತಿಳಿಯಲು ಜಿಲ್ಲೆಯ ಮೂವತ್ತು ಊರುಗಳನ್ನು ಚೀಟಿ ಎತ್ತಿ ಆರಿಸಿದ್ದರು. ಪ್ರತಿ ಊರಿನಲ್ಲಿ ಮನೆಮನೆಗೆ ಹೋಗಿ ಐವತ್ತು ವರ್ಷ ದಾಟಿದ ಐವತ್ತು ಜನರ ಕಣ್ಣು ನೋಡಬೇಕು, ಕಾರಣ ಕೇಳಿ ಬರೆದುಕೊಳ್ಳಬೇಕು. ಪೇಟೆಯವರು ಹೋದರೆ ಜನ ಬಾಯಿ ಬಿಡುವುದಿಲ್ಲವೆಂದು ಹಳ್ಳಿಗಳ ಕಡೆಯ ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಂಡರು. ಅವರಲ್ಲಿ ಒಬ್ಬಳು ಜಗದೇವಿ. ನಾನು ಅವಳ ಕೈಗೆ ಹೋದೆ.

ಜಗದೇವಿ ಕಾಗಿಣಾ ಹೊಳೆಯ ದಂಡೆಯ ಕಲ್ಲುಖಣಿಗಳ ನಡುವೆ ಬೆಳೆದವಳು. ಮೂವತ್ನಾಲ್ಕು ವರ್ಷ. ಲಗ್ನವಾದ ಮೇಲೆ ಹಟ ಹಿಡಿದು ಪಿಯುಸಿ ಮುಗಿಸಿದ್ದಳು. ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಡಾಕ್ಟರು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ನಮ್ಮಪ್ಪನ ಒಂದು ಕಣ್ಣು ಕಲ್ಲಿನ ಚಕ್ಕಿ ಸಿಡದು ಹೋಯ್ತು ಮೇಡಂ. ಇನ್ನೊಂದು ಕಣ್ಣು ಹ್ಯಾಂಗದ ಅಂತ ಕೇಳ್ಲಾಕ ಯಾರೂ ಬಂದಿದ್ದಿಲ್ಲ."

ಅವಳ ಜೋಳಿಗೆಯಲ್ಲಿ ನನ್ನ ಜೊತೆ ಒಂದು ಹಗ್ಗವಿತ್ತು. ಸರಿಯಾಗಿ ಆರು ಮೀಟರ್. ಮನೆಯ ಮುಂದೆ ಒಬ್ಬರನ್ನು ಕೂರಿಸಿ, ಹಗ್ಗದ ಒಂದು ತುದಿಯನ್ನು ಅವರ ಕೈಗೆ ಕೊಟ್ಟು, ಇನ್ನೊಂದು ತುದಿಯಲ್ಲಿ ಜಗದೇವಿ ನನ್ನನ್ನು ಎದೆಗೆ ಒತ್ತಿ ಹಿಡಿದು ನಿಲ್ಲುತ್ತಿದ್ದಳು. ಕೂತವರ ಪಕ್ಕದಲ್ಲಿ ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸುತ್ತಿದ್ದರು. ಮೊದಲ ಊರಿನಲ್ಲೇ ಒಬ್ಬ ಮುದುಕಿ ನನ್ನನ್ನು ನೋಡಿ, "ಇದು ಹಣಗಿ ಇದ್ದಾಂಗ ಅದ, ಮೂರೇ ಹಲ್ಲು ಉಳದಾವ" ಎಂದಳು. ಅಂದಿನಿಂದ ಜಗದೇವಿಯ ಬಾಯಲ್ಲಿ ನಾನು ಹಣಗಿ, ಅಂದರೆ ಬಾಚಣಿಗೆ, ಆದೆ. "ಹಣಗಿ ಹಲ್ಲು ಯಾ ಕಡಿ ಅವ, ಹೇಳ್ರಿ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಅವಳ ಎದೆಯ ಎತ್ತರದಿಂದ ನಾನು ಬಹಳ ಮುಖಗಳನ್ನು ನೋಡಿದೆ. ಎಲ್ಲರೂ ನನ್ನನ್ನು ನೋಡುವಾಗ ಹುಬ್ಬು ಗಂಟಿಕ್ಕುತ್ತಾರೆ, ಕತ್ತು ಮುಂದೆ ಚಾಚುತ್ತಾರೆ. ಕಾಣದಿದ್ದಾಗ ಕೆಲವರು ನಗುತ್ತಾರೆ, ಕೆಲವರು ನನ್ನನ್ನೇ ಬೈಯುತ್ತಾರೆ. ಬೈದರೂ ನಾನು ದೊಡ್ಡದಾಗಲಾರೆ, ಹತ್ತಿರ ಬರಲಾರೆ.

ಒಂಬತ್ತನೆಯ ಊರು ಹೊಸಖಣಿ. ಹೆಸರಿಗೆ ಹೊಸದು, ಖಣಿ ತೋಡಲು ಶುರುಮಾಡಿ ಎರಡು ತಲೆಮಾರಾಗಿದೆ. ಮನೆಗಳ ಗೋಡೆ ಚಪ್ಪಡಿಯಂಥ ಫರಸಿಕಲ್ಲು, ಮಾಳಿಗೆ ಫರಸಿಕಲ್ಲು, ಹಿತ್ತಿಲ ಬೇಲಿ ಕೂಡ ಸಾಲಾಗಿ ನಿಲ್ಲಿಸಿದ ಫರಸಿಕಲ್ಲೇ. ಬೇಸಗೆಯ ಬಿಸಿಲು ಆ ಕಲ್ಲುಗಳ ಮೇಲೆ ಬಿದ್ದು ಮುಖಕ್ಕೆ ರಾಚುತ್ತದೆ. ಗಿಡದ ಎಲೆಗಳ ಮೇಲೆ ಬೂದಿಯಂಥ ಕಲ್ಲಿನ ಪುಡಿ. ಅಲ್ಲಿ ಇಪ್ಪತ್ತೆಂಟನೆಯ ಮನೆ ಸಾಯಬಣ್ಣನದು.

ಸಾಯಬಣ್ಣನಿಗೆ ಅರವತ್ತಾರು. ಖಣಿಯ ಕೆಲಸ ಬಿಟ್ಟು ಕೂತಿದ್ದ. ಮೂರು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ದಿನಾ ಚಹಾದಂಗಡಿಯಲ್ಲಿ ಪೇಪರು ಜೋರಾಗಿ ಓದಿ ಹೇಳುವವನು ಅವನೇ. ಜಗದೇವಿ ನನ್ನ ಚಿಕ್ಕ ಅಕ್ಷರವನ್ನು ಹಿಡಿದಳು.

"ಬಲಕ್ಕ. ತೆಳಗ. ಎಡಕ್ಕ," ಎಂದ ಅವನು ತಡವರಿಸದೆ. "ಇನ್ನೂ ಸಣ್ಣದಿದ್ರ ತೋರ್ಸವ್ವ, ಕಾಣ್ತದ ನನಗ."

"ಇದಕ್ಕೂ ಸಣ್ಣದಿಲ್ಲ ಮುತ್ಯಾ. ನಿಮ್ಮ ಕಣ್ಣು ಛಲೋ ಅವ," ಎಂದಳು ಜಗದೇವಿ. "ಮನ್ಯಾಗ ಐವತ್ತು ದಾಟಿದವ್ರು ಮತ್ಯಾರದಾರ?"

"ನನ್ನ ಹೆಂಡ್ತಿ ಅದಾಳ."

ಕಾಶಿಬಾಯಿ ಒಳಗಿನಿಂದ ಬಂದಳು. ಒಂದು ಕೈ ಗೋಡೆಯ ಮೇಲಿತ್ತು. ಹೊಸ್ತಿಲ ಹತ್ತಿರ ಪಾದದಿಂದ ನೆಲ ಸವರಿ, ಮೆಟ್ಟಿಲನ್ನು ಗುರುತಿಸಿ, ಇಳಿದು ಕೂತಳು. ಅರವತ್ತೊಂದು ವರ್ಷದ ಸಣಕಲು ಹೆಂಗಸು, ಹಣೆಯ ಮೇಲೆ ಅಗಲವಾದ ಕುಂಕುಮ. ಅದು ಕೊಂಚ ಓರೆಯಾಗಿತ್ತು.

ಜಗದೇವಿ ನನ್ನ ದೊಡ್ಡ ಅಕ್ಷರವನ್ನು ಮೇಲ್ಮುಖ ಮಾಡಿದಳು. ಕಾಶಿಬಾಯಿ ಬೆರಳನ್ನು ಮೇಲಕ್ಕೆತ್ತಿದಳು. ಸರಿ. ಜಗದೇವಿ ನನ್ನನ್ನು ಕೆಳಗೆ ತಿರುಗಿಸಿದಳು. ಕಾಶಿಬಾಯಿ ಮತ್ತೆ ಮೇಲೆ ತೋರಿಸಿದಳು. ಎಡ, ಬಲ, ಏನು ಮಾಡಿದರೂ ಅವಳ ಬೆರಳು ಮೇಲಕ್ಕೇ. ಹಗ್ಗ ಅರ್ಧ ಮಡಚಿ ಮೂರು ಮೀಟರಿಗೆ ಬಂದೆವು. ಆಮೇಲೆ ಒಂದು ಮೀಟರಿಗೆ. ನಾನು ಅವಳ ಮುಖದೆದುರೇ ನಿಂತಿದ್ದೆ. ಬೆರಳು ಆಗಲೂ ಮೇಲಿತ್ತು.

"ಆಯಿ, ಖರೇ ಹೇಳ್ರಿ. ಕಾಣಸ್ತದೇನು?" ಎಂದು ಜಗದೇವಿ ಮೆಲ್ಲಗೆ ಕೇಳಿದಳು.

"ಇಲ್ಲ ಯವ್ವಾ," ಎಂದಳು ಕಾಶಿಬಾಯಿ. "ಬಿಸಲಾಗ ನಿಂತು ಕೇಳ್ಲಾಕತ್ತಿ. ಏನಾರ ಹೇಳಬೇಕಲ್ಲ ಅಂತ ಹೇಳ್ದೆ."

ಡಾಕ್ಟರು ಬ್ಯಾಟರಿ ಹಾಕಿ ನೋಡಿದರು. ಬಲಗಣ್ಣಿನ ಪಾಪೆ ಬೆಂದ ಮೊಟ್ಟೆಯ ಬಿಳಿಯಂತಿತ್ತು. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದಷ್ಟೇ ಅದಕ್ಕೆ ತಿಳಿಯುತ್ತಿತ್ತು. ಎಡಗಣ್ಣು ಮುಖದ ಹತ್ತಿರ ಹಿಡಿದ ಬೆರಳು ಎಣಿಸುತ್ತಿತ್ತು. ಎರಡೂ ಪೊರೆ, ಬಲಗಣ್ಣಿನದು ತೀರಾ ಹಣ್ಣಾಗಿದೆ, ಬೇಗ ತೆಗೆಸಬೇಕು, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು.

ಕೊನೆಯ ಪ್ರಶ್ನೆ ಬಂತು. ಪೊರೆ ಇದ್ದರೂ ಯಾಕೆ ತೆಗೆಸಿಲ್ಲ? ಫಾರಮಿನಲ್ಲಿ ಆರು ಕಾರಣ ಛಾಪಿಸಿದ್ದರು. ಬೇಕೆನಿಸಿಲ್ಲ. ಭಯ. ಖರ್ಚು. ಚಿಕಿತ್ಸೆ ಇದೆಯೆಂದು ಗೊತ್ತಿಲ್ಲ. ಆಸ್ಪತ್ರೆ ದೂರ. ವೈದ್ಯರು ಬೇಡವೆಂದರು. ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಕಾಶಿಬಾಯಿ ಬಾಯಿ ತೆರೆಯುವ ಮೊದಲೇ ಸಾಯಬಣ್ಣನೇ ಹೇಳಿದ: "ಆಕಿದೇನದ ಬಿಡ್ರಿ. ನಾ ಹೊರಗ ತಿರಗ್ಯಾಡಾಂವ. ಆಕಿ ಮನ್ಯಾಗೇ ಇರಾಕಿ. ಮನಿ ಆಕಿಗಿ ಕಣ್ಣು ಮುಚ್ಚಿದ್ರೂ ಗೊತ್ತದ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವ ದನಿ ಅದು.

"ನಿಮ್ಮ ಆಪರೇಷನ್ ಆದಾಗ ಜೋಡಿ ಯಾರು ಬಂದಿದ್ರು ಮುತ್ಯಾ?" ಎಂದು ಜಗದೇವಿ ಕೇಳಿದಳು.

"ಆಕಿನೇ. ಎರಡೂ ಸರ್ತಿ. ಔಷಧ ಹಾಕಿದಾಕೀನೂ ಆಕಿನೇ."

ಹೇಳಿ ಮುಗಿಸಿದ ಮೇಲೆ ಸಾಯಬಣ್ಣ ಯಾಕೋ ನೆಲ ನೋಡಿದ. ಖಣಿಯ ಕಡೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಆಗ ಕಾಶಿಬಾಯಿ ಮಾತಾಡಿದಳು.

"ನನಗ ಅಂಜಿಕಿ ಇಲ್ಲವ್ವ. ದವಾಖಾನ್ಯಾಗ ಆಪರೇಷನ್ ಫುಕಟ್ ಮಾಡ್ತಾರ, ಅದೂ ಗೊತ್ತದ. ಹ್ವಾದ ವರ್ಷ ಸಂತಿಗಿ ಹೊಂಟ ಊರಾನ ಹೆಣ್ಮಕ್ಕಳ ಹಿಂದ ಬಸ್ಸಿಗಿ ದವಾಖಾನಿ ಗೇಟಿನ ತನಕ ಹೋಗಿದ್ದೆ. ಜೋಡಿ ಯಾರು ಬಂದಾರ ಅಂದ್ರು. ಯಾರಿಲ್ಲ ಅಂದೆ. ಕರಕೊಂಡು ಬಾ ಅಂದ್ರು. ಯಾರಿಗಿ ಕರಕೊಂಡು ಹೋಗಲಿ? ಮಗ ಕಲ್ಲು ಕೊಯ್ಯೋ ಮಿಷನಿನ ಮ್ಯಾಲ ಇರ್ತಾನ. ಸೊಸಿ ಬಸುರಿ. ಇವ್ರು ಬಂದ್ರ ಅಲ್ಲಿ ಇವ್ರಿಗಿ ರೊಟ್ಟಿ ಯಾರು ಬಡೀತಾರ?"

ಇದಕ್ಕೆ ಆರರಲ್ಲಿ ಯಾವ ಸಂಖ್ಯೆ ಹಾಕಬೇಕು? ಜಗದೇವಿಯ ಪೆನ್ನು ಮೊದಲನೆಯದರ ಮೇಲೆ ನಿಂತಿತು, ಐದನೆಯದರ ಮೇಲೆ ನಿಂತಿತು. ಕೊನೆಗೆ ಅವಳು ಯಾವುದಕ್ಕೂ ಗುರುತು ಹಾಕಲಿಲ್ಲ. ಫಾರಮಿನ ಅಂಚಿನ ಖಾಲಿ ಜಾಗದಲ್ಲಿ ಬರೆದಳು: 'ಕರಕೊಂಡು ಹೋಗೋರಿಲ್ಲ'. ಕಾಶಿಬಾಯಿಯ ಕೈಗೆ ಆಸ್ಪತ್ರೆಯ ಚೀಟಿ ಕೊಟ್ಟು ನಾವು ಮುಂದಿನ ಮನೆಗೆ ನಡೆದೆವು. ಐವತ್ತು ಜನ ಮುಗಿಯಲು ಇನ್ನೂ ಒಂಬತ್ತು ಜನ ಬಾಕಿಯಿದ್ದರು.

ಸಂಜೆ ಜೀಪಿನಲ್ಲಿ ಡಾಕ್ಟರು ಆ ಫಾರಮು ನೋಡಿದರು.

"ಜಗದೇವಿ, ಇಲ್ಲಿ ಒಂದು ಸಂಖ್ಯೆ ಬೇಕು. ಅಂಚಿನಲ್ಲಿ ಬರೆದದ್ದನ್ನು ಕಂಪ್ಯೂಟರ್ ಓದೋದಿಲ್ಲ."

"ಆಕಿ ಹೇಳಿದ್ದು ಆರರಾಗ ಇಲ್ಲ ಮೇಡಂ. ಇಲ್ಲದ್ದಕ್ಕ ನಾ ಹ್ಯಾಂಗ ಗುರ್ತು ಹಾಕಲಿ?"

"ಅರ್ಧ ದಾರಿಯಲ್ಲಿ ಫಾರಂ ಬದಲಿಸೋ ಹಾಗಿಲ್ಲ. ಬದಲಿಸಿದರೆ ಮೊದಲ ಎಂಟು ಊರಿನ ಲೆಕ್ಕ ವ್ಯರ್ಥ." ಡಾಕ್ಟರು ಫಾರಮನ್ನು ಜಗದೇವಿಯ ಕೈಗೆ ವಾಪಸು ಕೊಟ್ಟರು. "ಆದರೆ ನೀವು ಅಂಚಿನಲ್ಲಿ ಬರೀತಾ ಹೋಗಿ. ಎಲ್ಲರದ್ದೂ ಬರೀರಿ. ನಾನೇ ಕೂತು ಓದ್ತೀನಿ."

ಹತ್ತನೆಯ ಊರಿನಿಂದ ಜಗದೇವಿ ಹಾಗೆಯೇ ಮಾಡಿದಳು. ಅಂಚುಗಳು ತುಂಬತೊಡಗಿದವು. ಗಂಡಸರ ಫಾರಮುಗಳಲ್ಲಿ ಅಂಚು ಬಹುಮಟ್ಟಿಗೆ ಖಾಲಿ. ಹೆಂಗಸರ ಫಾರಮುಗಳಲ್ಲಿ ಅವಳ ಅಕ್ಷರ ಇರುವೆ ಸಾಲಿನಂತೆ ಕಾಗದದ ಸುತ್ತ ಹರಿದಿತ್ತು.

ಆದರೆ ಕಾಶಿಬಾಯಿ ಅವಳ ಮನಸ್ಸಿನಿಂದ ಹೋಗಲಿಲ್ಲ. ಒಂದು ಭಾನುವಾರ, ತನ್ನ ರಜೆಯ ದಿನ, ಜೋಳಿಗೆ ಹೆಗಲಿಗೆ ಹಾಕಿಕೊಂಡು ಹೊಸಖಣಿಗೆ ಹೊರಟಳು. ನಾನು ಒಳಗಿದ್ದೆ. "ನಾಳಿಗಿ ನಾನೇ ಕರಕೊಂಡು ಹೋಗ್ತೀನಿ ಆಯಿ, ನಿಮ್ಮ ಮಗಳು ಅಂತ ಬರಸ್ತೀನಿ" ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ತಾನೇ ಅಂದುಕೊಳ್ಳುತ್ತಿದ್ದಳು. ಹೋಗಿ ನೋಡಿದರೆ ಮನೆಯ ಹಿಂದಿನ ಬಚ್ಚಲಲ್ಲಿ ಕಾಶಿಬಾಯಿ ಕಾಲು ಚಾಚಿ ಕೂತಿದ್ದಾಳೆ. ಕಾಲ ಮೇಲೆ ಆರು ದಿನದ ಕೂಸು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿ, ಕೈಬೆರಳಲ್ಲೇ ಕೂಸಿನ ಕಣ್ಣು, ಮೂಗು ಹುಡುಕಿ, ನೀರು ಒಳಗೆ ಹೋಗದಂತೆ ಅಂಗೈ ಅಡ್ಡ ಹಿಡಿದು ಎರೆಯುತ್ತಿದ್ದಳು.

"ಈಗ ಹ್ಯಾಂಗ ಬರಲವ್ವ? ಸೊಸಿಗಿ ತವರಾಗ ಯಾರಿಲ್ಲ. ಬಾಣಂತನ ಮುಗೀಲಿ. ಐದು ತಿಂಗಳು ಅಷ್ಟೇ," ಎಂದಳು.

"ಡಾಕ್ಟ್ರು ಲಗೂನೇ ತೆಗಸಬೇಕು ಅಂದಾರ ಆಯಿ."

"ಇಷ್ಟು ದಿನ ಇದ್ದದ್ದು ಐದು ತಿಂಗಳು ಇರಲಾರದೇನು?"

ಜಗದೇವಿ ಒಳಗೆ ಹೋಗಿ ಸೊಸೆಯ ಜೊತೆ ಮಾತಾಡಿದಳು. ಇಪ್ಪತ್ತೆರಡರ ಆ ಹುಡುಗಿ ಹೊಲಿಗೆಯ ನೋವಿಗೆ ಎದ್ದು ಕೂರಲಾರದೆ ಅತ್ತಳು. ಸಾಯಬಣ್ಣನ ಜೊತೆ ಮಾತಾಡಿದಳು. ಅವನು, "ಆಕಿ ಹ್ಯಾಂಗಂತಾಳ ಹಾಂಗ" ಎಂದ. ಇನ್ನು ಯಾರ ಜೊತೆ ಮಾತಾಡಬೇಕೋ ಅವಳಿಗೆ ತಿಳಿಯಲಿಲ್ಲ. ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತಾಗ ಜೋಳಿಗೆಯನ್ನು ಮಡಿಲಲ್ಲಿ ಅವುಚಿ ಹಿಡಿದಿದ್ದಳು. ನನ್ನ ಅಂಚು ಅವಳ ಕೈಗೆ ಒತ್ತುತ್ತಿತ್ತು.

ಮರುವಾರವೇ ಸರ್ವೆ ತಂಡ ಜಿಲ್ಲೆಯ ಇನ್ನೊಂದು ಮೂಲೆಗೆ ಹೋಯಿತು. ಮೂವತ್ತು ಊರು ಮುಗಿಯುವಾಗ ಮಳೆಗಾಲ ಬಂದಿತ್ತು. ಡಾಕ್ಟರು ಮಾತು ಉಳಿಸಿಕೊಂಡರು. ವಾರಗಟ್ಟಲೆ ಕೂತು ಪ್ರತಿ ಅಂಚನ್ನೂ ಓದಿದರು. ಆಮೇಲೆ ಆಸ್ಪತ್ರೆಯ ದೊಡ್ಡವರ ಸಭೆ. ನಾನು ಮೇಜಿನ ಮೇಲಿದ್ದೆ, ಮಾದರಿಗೆಂದು. ಗೋಡೆಯ ಮೇಲೆ ಚಿತ್ರ ಬಿಡಿಸಿ ಡಾಕ್ಟರು ವಿವರಿಸಿದರು. ಪೊರೆಯಿಂದ ಕಣ್ಣು ಕಾಣದೆ ಕೂತವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ. ಅವರಲ್ಲಿ ಅರ್ಧಕ್ಕರ್ಧ ಜನ ಹೇಳಿದ್ದು ಒಂದೇ ಮಾತು. "ನಾವು ಆಪರೇಷನ್ ಉಚಿತ ಮಾಡಿದ್ದೇವೆ. ಜೊತೆಗೊಬ್ಬರು ಬೇಕು ಅನ್ನೋ ನಿಯಮಾನೂ ಮಾಡಿದ್ದೇವೆ. ಅವರಿಗೆ ಇಲ್ಲದ್ದು ಆ ಒಬ್ಬರು," ಎಂದರು. ಹಳ್ಳಿಗೆ ಗಾಡಿ ಕಳಿಸಬೇಕು, ಮನೆಯವರು ಬಾರದಿದ್ದರೆ ಊರಿನ ಇನ್ನೊಬ್ಬ ಹೆಂಗಸನ್ನು ಜೊತೆಗೆ ಕೂರಿಸಿಕೊಳ್ಳಬೇಕು ಎಂದು ಕೇಳಿದರು. ಎಲ್ಲರೂ ತಲೆದೂಗಿದರು. ತಲೆದೂಗಿದ್ದು ಕಾಗದವಾಗಿ, ಕಾಗದ ಮಂಜೂರಾಗಿ, ಗಾಡಿ ಬಾಗಿಲಿಗೆ ಬರುವ ಹೊತ್ತಿಗೆ ಚಳಿಗಾಲ ಕಳೆದು ಇನ್ನೊಂದು ಬೇಸಗೆ ತಲೆ ಹಾಕಿತ್ತು.

ಮೊದಲು ಎಲ್ಲಿಗೆ ಕಳಿಸೋಣ ಎಂದಾಗ ಜಗದೇವಿ, "ಹೊಸಖಣಿಗಿ" ಎಂದಳು.

ಆ ಬೆಳಿಗ್ಗೆ ಅವಳು ನನ್ನನ್ನು ಸೀರೆಯ ಸೆರಗಿನಿಂದ ಒರೆಸಿ ಜೋಳಿಗೆಗೆ ಹಾಕಿಕೊಂಡಳು. ಹನ್ನೆರಡು ಹೆಂಗಸರು ಗಾಡಿಯ ಹತ್ತಿರ ಕಾದಿದ್ದರು. ಕೊನೆಯಲ್ಲಿ ಕಾಶಿಬಾಯಿ. ಈ ಸಲ ಸಾಯಬಣ್ಣ ಅವಳ ತೋಳು ಹಿಡಿದುಕೊಂಡು ಬಂದಿದ್ದ. ಅದನ್ನು ನೋಡಿ ಜಗದೇವಿ ಉಳಿದವರನ್ನು ಬಿಟ್ಟು ನೇರ ಅವರ ಹತ್ತಿರ ನಡೆದಳು.

"ದೀಪಾವಳಿ ಮುಂದ ಬಲಗಣ್ಣು ಕೆಂಪಾಗಿ ಭಾಳ ಬ್ಯಾನಿ ಆಯ್ತು," ಎಂದು ಸಾಯಬಣ್ಣ ಹೇಳಿದ. "ತಲಿ ಬಡಕೊಂಡು ಅತ್ತಳು. ಸೊಸಿ ಕಣ್ಣಾಗ ಎದಿಹಾಲು ಬಿಟ್ಟಳು. ಎಂಟು ದಿನಕ್ಕ ಬ್ಯಾನಿ ಇಳೀತು. ಕಡಿಮಿ ಆಯ್ತು ಅಂತ ತಿಳದೆವು. ಸಂಕ್ರಾಂತಿ ಆದಮ್ಯಾಲ ಎಡಗಣ್ಣಿಗೂ ಹಾಂಗೇ ಆಯ್ತು."

ಆಸ್ಪತ್ರೆಯಲ್ಲಿ ಡಾಕ್ಟರು ವೈಜಯಂತಿ ಅವಳನ್ನು ಎಲ್ಲರಿಗಿಂತ ಮೊದಲು ಒಳಗೆ ಕರೆದರು. ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿದರು. ಬೆಳಕನ್ನು ಬಲದಿಂದ ಬಿಟ್ಟರು, ಎಡದಿಂದ ಬಿಟ್ಟರು. "ಈಗ ಬೆಳಕು ಬಂತಾ ಅಮ್ಮಾ? ಈಗ?" ಕಾಶಿಬಾಯಿ ಈ ಸಲ ಸುಳ್ಳು ಹೇಳಲಿಲ್ಲ. ಪ್ರತಿ ಸಲವೂ "ಇಲ್ರಿ" ಎಂದಳು.

ಪೊರೆ ಅತಿಯಾಗಿ ಹಣ್ಣಾಗಿ ಒಳಗೇ ಸೋರಿತ್ತು. ಕಣ್ಣಿನ ಒತ್ತಡ ಏರಿ ನರ ಒಣಗಿಹೋಗಿತ್ತು. ಇನ್ನು ಪೊರೆ ತೆಗೆದರೂ ಕಾಣುವುದಿಲ್ಲ. ಡಾಕ್ಟರು ಇದನ್ನು ಅವಳ ಕೈ ಹಿಡಿದುಕೊಂಡು ಹೇಳಿದರು. ಜಗದೇವಿ ಗೋಡೆಗೆ ಒರಗಿದಳು. ನಾನು ಅವಳ ಜೋಳಿಗೆಯಲ್ಲಿ ಗೋಡೆಗೂ ಅವಳಿಗೂ ನಡುವೆ ಸಿಕ್ಕಿಕೊಂಡಿದ್ದೆ.

"ಆ ಐತವಾರ ನಾ ನಿಮಗ ಎಳಕೊಂಡು ಬರಬೇಕಿತ್ತು ಆಯಿ," ಎಂದಳು.

"ಕೂಸಿಗಿ ಯಾರು ಎರೀತಿದ್ರು?" ಎಂದಳು ಕಾಶಿಬಾಯಿ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಹೊರಗಿನ ಬೆಂಚಿಗೆ ಬಂದು ಕೂತಳು.

ಹೊರಗೆ ಉಳಿದ ಹೆಂಗಸರ ಹೆಸರು ಬರೆಯುತ್ತಿದ್ದರು. ಹುಸೇನಬಿಯ ಸರದಿ ಬಂದಾಗ ತಡೆಯಾಯಿತು. ಐವತ್ತೈದರ ವಿಧವೆ ಅವಳು, ಕಾಶಿಬಾಯಿಯ ಓಣಿಯವಳೇ. ಅವಳ ಜೊತೆಗೆ ಬರಬೇಕಿದ್ದ ನೆರೆಯವಳು ಕೊನೆಗಳಿಗೆಯಲ್ಲಿ ಬಂದಿರಲಿಲ್ಲ. ಜೊತೆಗಾರರಿಲ್ಲದೆ ದಾಖಲು ಮಾಡುವಂತಿಲ್ಲ, ಮುಂದಿನ ಸಲ ಬನ್ನಿ ಎಂದಳು ನರ್ಸು. ಜಗದೇವಿಗೆ ಉಳಿದವರನ್ನೆಲ್ಲ ನೋಡಿಕೊಳ್ಳುವ ಕೆಲಸವಿತ್ತು. ಜೊತೆಗಾರಳೆಂದು ಅವಳ ಹೆಸರು ಬರೆಯುವಂತಿರಲಿಲ್ಲ.

ಬೆಂಚಿನ ಮೇಲಿದ್ದ ಕಾಶಿಬಾಯಿ ಕೇಳಿದಳು: "ಜೋಡಿ ಇದ್ದವರು ಏನು ಮಾಡಬೇಕ್ರಿ?"

"ರಾತ್ರಿ ಹತ್ತಿರ ಇರಬೇಕು. ಕಣ್ಣಿಗೆ ಕೈ ಹಚ್ಚದಂತೆ ನೋಡ್ಕೋಬೇಕು. ಬೇಕಾದರೆ ನಮ್ಮನ್ನು ಕರೀಬೇಕು."

"ಅಷ್ಟೇ ಏನು? ನಾ ಕೂಡತೀನಿ. ನನ್ನ ಹೆಸರು ಬರ್ಕೋರಿ."

"ನಿಮಗೇ ಕಣ್ಣು ಕಾಣೋದಿಲ್ಲವಲ್ಲಮ್ಮ," ಎಂದಳು ನರ್ಸು.

"ಆಕಿ ಕೈ ಹಿಡಕೊಂಡು ಕೂಡಲಾಕ ಕಣ್ಣು ಯಾಕ ಬೇಕವ್ವ? ಎರಡು ಸರ್ತಿ ಕೂತೀನಿ ನಾ. ನನಗ ಗೊತ್ತದ."

ನರ್ಸು ಡಾಕ್ಟರ ಮುಖ ನೋಡಿದಳು. ಡಾಕ್ಟರು ಬರೆದುಕೊಳ್ಳಿ ಎಂದು ಸನ್ನೆ ಮಾಡಿ ಒಳಗೆ ಹೋದರು. ಸಾಯಬಣ್ಣ ಬಾಗಿಲ ಹತ್ತಿರ ನಿಂತೇ ಇದ್ದ. "ಹಂಗಾರ ನಾ ಊರಿಗಿ ಹೋಗಿ ಕೂಸಿನ ಕಡಿ ನೋಡ್ತೀನಿ," ಎಂದ. ನಾಲ್ಕು ಹೆಜ್ಜೆ ನಡೆದು, ವಾಪಸು ಬಂದು, ಅವಳ ಚಪ್ಪಲಿಯನ್ನು ಬೆಂಚಿನ ಕೆಳಗಿನಿಂದ ತೆಗೆದು ಅವಳ ಪಾದಕ್ಕೆ ತಾಗುವಂತೆ ಇಟ್ಟು ಹೋದ.

ಮಾರನೆಯ ದಿನ ಹುಸೇನಬಿಯ ಪಟ್ಟಿ ಬಿಚ್ಚಿದರು. ಆಸ್ಪತ್ರೆಯ ಅಂಗಳದಲ್ಲಿ ಜಗದೇವಿ ಹಗ್ಗ ಎಳೆದು ನನ್ನನ್ನು ಹಿಡಿದು ನಿಂತಳು. ಹುಸೇನಬಿ ಹುಬ್ಬು ಗಂಟಿಕ್ಕಲಿಲ್ಲ, ಕತ್ತು ಚಾಚಲಿಲ್ಲ. "ತೆಳಗ. ಬಲಕ್ಕ. ಮ್ಯಾಲ," ಎಂದಳು. ಆಮೇಲೆ ನನ್ನನ್ನು ಬಿಟ್ಟು ಜಗದೇವಿಯ ಮುಖವನ್ನೂ ಬೇವಿನ ಗಿಡವನ್ನೂ ತನ್ನ ಅಂಗೈಯನ್ನೂ ನೋಡತೊಡಗಿದಳು. ಅವಳ ಇನ್ನೊಂದು ಕೈ ಕಾಶಿಬಾಯಿಯ ಕೈಯೊಳಗಿತ್ತು.

ಪರೀಕ್ಷೆ ಮುಗಿದ ಮೇಲೆ ಕಾಶಿಬಾಯಿ ಹೇಳಿದಳು: "ಯವ್ವಾ, ಅದನ್ನ ಇಲ್ಲಿ ಕೊಡು. ಎಲ್ಲರೂ ಹಣಗಿ ಹಣಗಿ ಅಂತಾರ. ಹ್ಯಾಂಗದ ನೋಡ್ತೀನಿ."

ಜಗದೇವಿ ನನ್ನನ್ನು ಅವಳ ಮಡಿಲಲ್ಲಿಟ್ಟಳು. ಕೂಸಿನ ಕಣ್ಣು, ಮೂಗನ್ನು ತಪ್ಪದೆ ಹುಡುಕುತ್ತಿದ್ದ ಅದೇ ಬೆರಳುಗಳು ನನ್ನ ಮೇಲೆ ಆಡಿದವು. ನಾಲ್ಕು ಅಂಚು ಸವರಿದಳು. ನಡುಭಾಗವನ್ನು ಮೆಲ್ಲಗೆ ಉಜ್ಜಿದಳು. ತಿರುವಿ ಹಾಕಿ ಹಿಂಬದಿಯನ್ನೂ ಉಜ್ಜಿದಳು. ನನ್ನ ಅಕ್ಷರ ಬರೀ ಬಣ್ಣ. ಬೆರಳಿಗೆ ಸಿಗುವಂಥ ಏಣು ಅದಕ್ಕಿಲ್ಲ. ನನ್ನನ್ನು ಅಷ್ಟು ಸಲ ಅಳೆದವರು ಯಾರೂ ಅದನ್ನು ಯೋಚಿಸಿರಲಿಲ್ಲ. ಎಲ್ಲಿಯಾದರೂ ಒಂದು ಗೀರಾದರೂ ಇದ್ದಿದ್ದರೆ ಎಂದು ಆ ಹೊತ್ತು ನಾನು ಹಂಬಲಿಸಿದಷ್ಟು ಇನ್ಯಾವುದಕ್ಕೂ ಹಂಬಲಿಸಿಲ್ಲ.

"ಏನೂ ಸಿಗವಲ್ದು," ಎಂದು ನನ್ನನ್ನು ವಾಪಸು ಕೊಟ್ಟಳು.

ಇದೆಲ್ಲ ಆಗಿ ಏಳು ವರ್ಷವಾಯಿತು. ಈಗ ಸರ್ವೆಗೆ ಹೋಗುವವರು ಮೊಬೈಲಿನಲ್ಲೇ ಅಕ್ಷರ ತೋರಿಸುತ್ತಾರೆ, ಅದು ತಾನೇ ತಿರುಗುತ್ತದೆ. ನನ್ನ ಒಂದು ಮೂಲೆ ಮುರಿದಿದೆ, ಬಿಳಿ ಹಳದಿಯಾಗಿದೆ. ಆಸ್ಪತ್ರೆಯ ಹಿಂದಿನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಮೂವತ್ತು ಊರುಗಳ ಫಾರಮಿನ ಕಟ್ಟುಗಳ ಮೇಲೆ ನನ್ನನ್ನು ಇಟ್ಟಿದ್ದಾರೆ. ಹೊಸ ಫಾರಮಿನಲ್ಲಿ ಏಳನೆಯ ಕಾರಣ ಛಾಪಿಸಿ ಬಂದಿದೆಯಂತೆ: 'ಕರೆದುಕೊಂಡು ಹೋಗುವವರಿಲ್ಲ'. ಈಗಿನವರು ಅದಕ್ಕೆ ಒಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಅದು ಯಾರ ಮಾತು ಎಂದು ಅವರಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ.

ಜಗದೇವಿ ಆಗೀಗ ಹಳೆಯ ಕಾಗದ ಹುಡುಕಲು ಕಪಾಟು ತೆರೆಯುತ್ತಾಳೆ. ಹೋದ ಸಲ ಅವಳ ಜೊತೆಗಿದ್ದ ಹೊಸ ಹುಡುಗಿಗೆ ಹೇಳುತ್ತಿದ್ದಳು: ಹೊಸಖಣಿಯ ಗಾಡಿ ಬಂದಾಗಲೆಲ್ಲ ಕಾಶಿಬಾಯಿ ಬರುತ್ತಾಳಂತೆ, ಯಾರ ಜೊತೆಗೆ ಯಾರೂ ಇಲ್ಲವೋ ಅವರ ಪಕ್ಕದಲ್ಲಿ ಕೂರುತ್ತಾಳಂತೆ.

ನಾನು ಸಾವಿರಾರು ಜನರ ಮುಂದೆ ನಿಂತಿದ್ದೇನೆ. ಯಾರ ಕಣ್ಣನ್ನೂ ತೆರೆಸಲಿಲ್ಲ. ಎಷ್ಟು ದೂರದಿಂದ ಕಾಣುವುದಿಲ್ಲ ಎಂದು ಹೇಳಿದೆ, ಅಷ್ಟೇ. ಮುಖಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಕಾಶಿಬಾಯಿಯದು ಮಾತ್ರ ಸ್ಪಷ್ಟವಾಗಿದೆ, ಆ ಓರೆ ಕುಂಕುಮದ ಸಮೇತ. ನಾನು ಅವಳಿಗೆ ಒಮ್ಮೆಯೂ ಕಾಣಲಿಲ್ಲ.